ಗುಂಪಿನ ಪಾರ್ಟು

ಸಿಯಾಟಲ್
26 ಜನವರಿ 2025, ಭಾನುವಾರ

ಸ್ತೋತ್ರ ಸಿಸ್ಟರ್,

ನಾನು ಮೈತ್ರಿ. ನಂಬರ್ ನಲವತ್ಮೂರು. ಐದನೇ ಕ್ಲಾಸಿಂದ ಸೆಕೆಂಡ್ ಪಿಯುವರೆಗೆ ಎಂಟು ವರ್ಷ ನಿಮ್ಮ ಹಾಸ್ಟೆಲ್‌ನಲ್ಲಿದ್ದವಳು, ಒಂಬತ್ತು ತಿಂಗಳಲ್ಲಿ ಮರೆತಿರಲಿಕ್ಕಿಲ್ಲ ಅಂದ್ಕೋತೀನಿ. ವಾಟ್ಸಾಪ್ ಮಾಡಬಹುದಿತ್ತು. ಆದರೆ ಆಫೀಸ್ ಫೋನು ಎಲ್ಲರ ಕೈಲೂ ಓಡಾಡುತ್ತೆ, ಕ್ಲರ್ಕ್ ವೀರಣ್ಣ ಬಂದ ಮೆಸೇಜನ್ನೆಲ್ಲ ಜೋರಾಗಿ ಓದ್ತಾರೆ. ಇದು ಜೋರಾಗಿ ಓದೋ ವಿಷಯ ಅಲ್ಲ. ಅದಕ್ಕೇ ಪೇಪರ್.

ಒಂದು ತಪ್ಪಾಗಿದೆ. ತಪ್ಪೋ ಅಲ್ಲವೋ ಅದೂ ಗೊತ್ತಿಲ್ಲ. ಮೊದಲಿಂದ ಹೇಳ್ತೀನಿ.

ಇಲ್ಲಿ ಶುಕ್ರವಾರ ಸಂಜೆ ಕ್ಯಾಂಪಸ್ ಪಕ್ಕದ ಹಾಲ್‌ನಲ್ಲಿ ಕ್ರಿಶ್ಚಿಯನ್ ಸ್ಟೂಡೆಂಟ್ಸ್ ಸೇರ್ತಾರೆ. ಹಾಡು, ಪ್ರಾರ್ಥನೆ, ಆಮೇಲೆ ಊಟ. ನಾನು ಹೋಗಿದ್ದು ಊಟಕ್ಕೆ ಅಂದರೆ ಬೈತೀರಿ, ಆದರೆ ಊಟಕ್ಕೇ. ಎಸ್ತರ್ ಅಂತ ಒಬ್ಬಳು ಕರ್ಕೊಂಡು ಹೋದಳು. ನನಗಿಂತ ಎರಡು ವರ್ಷ ಸೀನಿಯರ್, ಅಪ್ಪ ಅಮ್ಮ ಕೊರಿಯಾದವರು, ಲೈಬ್ರರಿಯಲ್ಲಿ ಪಾರ್ಟ್‌ಟೈಮ್ ಇರ್ತಾಳೆ. ನನ್ನ ಮುಖ ನೋಡಿದರೇ ಇವಳು ಊಟ ಮಾಡಿಲ್ಲ ಅಂತ ಅವಳಿಗೆ ಗೊತ್ತಾಗುತ್ತಂತೆ.

ಅಲ್ಲಿ ನನಗೆ ಎಲ್ಲಾ ಬರುತ್ತಲ್ಲ ಸಿಸ್ಟರ್, ಅದೇ ಪ್ರಾಬ್ಲಮ್. ಯಾವಾಗ ಎದ್ದು ನಿಲ್ಲಬೇಕು, ಯಾವಾಗ ಆಮೆನ್ ಅನ್ನಬೇಕು. ಶಿಲುಬೆ ಗುರುತು ಹಾಕ್ಕೊಂಡೆ, ನೋಡಿದರೆ ಬೇರೆ ಯಾರೂ ಹಾಕ್ಕೊಂಡಿಲ್ಲ. "ಓ, ಕ್ಯಾಥೊಲಿಕ್ಕಾ?" ಅಂದಳು ಎಸ್ತರ್. ಅಲ್ಲ ಅಂದೆ. "ಮತ್ತೇನು?" ಅಂದಳು. ಬಾಯಿಗೆ ಬಂದಿದ್ದು "ಹಾಸ್ಟೆಲ್".

ಹೋದ ಶುಕ್ರವಾರ ಮಾತಾಡೋರು ಎಲ್ಲರಿಗೂ ಕಣ್ಣು ಮುಚ್ಚೋಕೆ ಹೇಳಿದರು. ಲೋಕಕ್ಕೆ ಬರಬೇಕಾಗಿದ್ದ ಮೆಸ್ಸೀಯ, ಅಂದರೆ ಕ್ರಿಸ್ತ, ಬಂದ, ಜನ ಅವನನ್ನ ಬೇಡ ಅಂದರು, ಇವತ್ತು ನೀವು ಏನಂತೀರಿ, ಇಂಥದ್ದೇ ಏನೋ. ನನಗೆ ಹಸಿವು, ನಿದ್ದೆ ಬೇರೆ. ಆಮೇಲೆ "ಕೈ ಎತ್ತಿ" ಅಂದರು. ಎತ್ತಿದೆ. ನೀವೇ ಹೇಳಿ, ಎಂಟು ವರ್ಷ ಸಂಜೆ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿಸಿ "ಇರೋರು ಕೈ ಎತ್ತಿ" ಅಂತ ಹಾಜರಿ ತಗೊಂಡಿದ್ದು ಯಾರು? ಕಣ್ಣು ಮುಚ್ಚಿರೋವಾಗ ಕೈ ಎತ್ತು ಅಂದರೆ ನನ್ನ ಕೈ ನನ್ನ ಕೇಳಲ್ಲ ಸಿಸ್ಟರ್.

ಕಣ್ಣು ಬಿಟ್ಟರೆ ಎಸ್ತರ್ ಅಳ್ತಿದ್ದಾಳೆ. ಎಲ್ಲಾ ಬಂದು ತಬ್ಕೊಂಡರು. ನಾನು ಅವನನ್ನ ಒಪ್ಪಿಕೊಂಡೆನಂತೆ. "ಇಲ್ಲ, ನಾನು ಹಾಜರಿ ಅಂದ್ಕೊಂಡೆ" ಅಂತ ಆ ಟೈಮಲ್ಲಿ ಹೇಗೆ ಹೇಳೋದು? ಅಷ್ಟು ಜನ ನನ್ನ ನೋಡಿ ಖುಷಿಪಟ್ಟಿದ್ದು ಮೊದಲನೇ ಸಲ. ಹೋಗಿ ಊಟದ ಲೈನಲ್ಲಿ ನಿಂತೆ.

ಈಗ ನನ್ನ ತಲೆ ತಿನ್ನೋದು ಬೇರೇನೇ. ನಮ್ಮ ಪಾಡುಗಳ ನಾಟಕದಲ್ಲಿ, ಕ್ರಿಸ್ತನ್ನ ಶಿಲುಬೆಗೇರಿಸೋ ಕಥೆಯಲ್ಲಿ, ಐದು ವರ್ಷ ಗುಂಪಿನ ಲೀಡರ್ ನಾನು. ಬೆಡ್‌ಶೀಟ್ ಸುತ್ಕೊಂಡು, ತಲೆಗೆ ಟವೆಲ್ ಕಟ್ಕೊಂಡು. ತೀರ್ಪು ಕೊಡೋ ಪಿಲಾತ, ಇವನನ್ನ ಬಿಟ್ಟುಬಿಡ್ಲಾ ಅಂತ ಕೇಳ್ತಾನೆ, ನಾವು "ಬೇಡ, ಇವನು ನಮಗೆ ಬೇಡ" ಅಂತ ಕೂಗ್ತೀವಿ. "ಗಂಟಲಿಂದಲ್ಲ ಮೈತ್ರಿ, ಹೊಟ್ಟೆಯಿಂದ ಕೂಗು" ಅಂತ ನೀವು ಹಿಂದಿನ ಬೆಂಚಿಂದ ಹೇಳ್ತಿದ್ದಿರಿ. ಹೊಟ್ಟೆಯಿಂದ ಕೂಗಿದ್ದು ನಿಜವಾ, ತಿಳೀದೆ ಎತ್ತಿದ ಕೈ ನಿಜವಾ? ಆ ಜನ ತಿರಸ್ಕಾರ ಮಾಡಿದರು ಅಂತೀವಲ್ಲ, ಅವರು ಒಪ್ಪಿಕೊಂಡುಬಿಟ್ಟಿದ್ದರೆ ಶಿಲುಬೆ ಇರ್ತಿರಲಿಲ್ಲ, ಆಗ ಏನಾಗ್ತಿತ್ತು? ಇದನ್ನ ಎಸ್ತರ್‌ಗೆ ಕೇಳೋಕೆ ಭಯ.

ಮನೆಯಲ್ಲಿ ಎಲ್ಲಾ ಚೆನ್ನಾಗಿದ್ದಾರೆ. ನಾನೂ.

ಮೈತ್ರಿ


ಕಾನ್ವೆಂಟ್ ಹಾಸ್ಟೆಲ್, ಕೊಳ್ಳೇಗಾಲ ರಸ್ತೆ
14 ಫೆಬ್ರವರಿ 2025

ಪ್ರೀತಿಯ ಮೈತ್ರಿ,

ದೇವರ ಆಶೀರ್ವಾದ ನಿನ್ನ ಮೇಲಿರಲಿ. ನಿನ್ನ ಪತ್ರ ನಿನ್ನೆ ಬಂತು. ಹಾಜರಿಯ ಭಾಗ ಓದಿ ಊಟದ ಮೇಜಿನಲ್ಲಿ ಒಬ್ಬಳೇ ನಕ್ಕೆ. ಮದರ್ ಸುಪೀರಿಯರ್ ಯಾಕೆಂದು ಕೇಳಿದರು, ಕೆಮ್ಮು ಎಂದೆ.

ಭಯಪಡಬೇಡ. ಸ್ವಾಮಿಗೆ ಯಾವ ಕೈ ಹಾಜರಿಯದು, ಯಾವ ಕೈ ಮನಸ್ಸಿನದು ಎಂದು ತಿಳಿಯದೇ? ನೀನು ಪರೀಕ್ಷೆಯ ಪ್ರಶ್ನೆಯಂತೆ ಕೇಳಿದ್ದೀಯ, ನಾನೂ ಪಾಠದಂತೆ ಹೇಳುತ್ತೇನೆ. ಅಭಿಷಿಕ್ತನಾದ ಅರಸ ಬರುತ್ತಾನೆ ಎಂದು ಅವನ ಜನರೇ ತಲೆಮಾರುಗಳ ಕಾಲ ಕಾದರು. ಕಾಯುವವರ ಮನಸ್ಸಿನಲ್ಲಿ ಒಂದು ಚಿತ್ರ ಕೂತುಬಿಡುತ್ತದೆ. ಕುದುರೆ, ಕತ್ತಿ, ಸಿಂಹಾಸನ. ಬಂದವನು ಬಡಗಿಯ ಮಗ, ಏರಿದ್ದು ಕತ್ತೆ. ಚಿತ್ರಕ್ಕೆ ಹೊಂದಲಿಲ್ಲ, ಆದ್ದರಿಂದ ಬಂದವನನ್ನೇ ಬಿಟ್ಟರು.

ಒಂದು ಮಾತು ತಿದ್ದುತ್ತೇನೆ. "ಆ ಜನ" ಎಂದು ಬರೆದಿದ್ದೀಯ. ಹಾಗೆ ಬರೆಯಬಾರದು. ಅವನನ್ನು ಮೊದಲು ಒಪ್ಪಿಕೊಂಡವರೂ ಅದೇ ಜನವೇ: ಅವನ ತಾಯಿ, ಬಲೆ ಬೀಸುತ್ತಿದ್ದ ಶಿಷ್ಯರು, ಸಮಾಧಿಗೆ ಹೋದ ಹೆಂಗಸರು. ಶುಭ ಶುಕ್ರವಾರ ದೇವಾಲಯದಲ್ಲಿ ಪಾಡುಗಳನ್ನು ಓದುವಾಗ ಗುಂಪಿನ ಮಾತನ್ನು ಹೇಳುವವರು ಯಾರು? ಬೆಂಚಿನಲ್ಲಿ ಕುಳಿತ ನಾವೇ. ಪ್ರತಿ ವರ್ಷ ನನ್ನ ಬಾಯಿಂದಲೇ ಆ ಮಾತು ಬರುತ್ತದೆ, ಪ್ರತಿ ವರ್ಷ ನಾಲಗೆ ತಡವರಿಸುತ್ತದೆ. ಕುಳಿತು ಓದುವುದು ಬೇರೆ, ವೇಷ ಹಾಕಿ ಕೂಗುವುದು ಬೇರೆ ಎಂದು ನಮ್ಮ ಕ್ರೈಸ್ತ ಹುಡುಗಿಯರ ತಾಯಂದಿರು ನಾಟಕದ ಗುಂಪಿಗೆ ಮಾತ್ರ ಒಪ್ಪುತ್ತಿರಲಿಲ್ಲ. ಅದಕ್ಕಾಗಿ ಹಿಂದೂ ಮಕ್ಕಳಾದ ನಿಮ್ಮನ್ನು ಗುಂಪಿಗೆ ಹಾಕುತ್ತಿದ್ದೆ. ನೀವು ತಕರಾರು ಮಾಡುತ್ತಿರಲಿಲ್ಲ, ದನಿಯೂ ಚೆನ್ನಾಗಿತ್ತು. ಅದು ಸರಿಯೇ ಎಂದು ಆಗ ಯೋಚಿಸಲಿಲ್ಲ.

ಅವರು ಒಪ್ಪಿದ್ದರೆ ಏನಾಗುತ್ತಿತ್ತು ಎಂದು ಕೇಳಿದ್ದೀಯ. ಬೇಡ ಎಂದದ್ದರಿಂದಲೂ ದೇವರು ಒಳ್ಳೆಯದನ್ನು ತೆಗೆದ ಎಂದು ನಂಬುತ್ತೇವೆ. ಹಾಗೆಂದು ಬೇಡ ಎಂದದ್ದು ಒಳ್ಳೆಯದಾಗುವುದಿಲ್ಲ.

ಇಷ್ಟು ವರ್ಷದ ಮೇಲೆ ಅಮ್ಮನ ಕೈಯ ಊಟ ಸಿಗುತ್ತಿದೆಯಲ್ಲ, ಶುಕ್ರವಾರದ ಊಟ ಯಾಕೆ? ವಿಳಾಸವೂ ಕಾಲೇಜಿನದು ಕೊಟ್ಟಿದ್ದೀಯ. ಅಮ್ಮ ಹೇಗಿದ್ದಾರೆ? ನನ್ನ ಬಗ್ಗೆ ಯಾವಾಗಲಾದರೂ ಏನಾದರೂ ಹೇಳುತ್ತಾರೆಯೇ?

ಸಿಸ್ಟರ್ ಲೂರ್ದು ಮೇರಿ


ಸಿಯಾಟಲ್
2 ಮಾರ್ಚ್ 2025, ಭಾನುವಾರ

ಸಿಸ್ಟರ್,

ಅಮ್ಮನ ಕೈ ಊಟದ ಬಗ್ಗೆ ಕೇಳಿದ್ರಿ. ಹೇಳದೇ ಬಿಟ್ಟಿದ್ದೆ, ಈಗ ಹೇಳ್ತೀನಿ.

ನಾನು ಮನೆಯಲ್ಲಿಲ್ಲ. ಕ್ಯಾಂಪಸ್ ಡಾರ್ಮ್‌ನಲ್ಲಿದೀನಿ, ಅಂದರೆ ಇದೂ ಹಾಸ್ಟೆಲ್ಲೇ. ಮನೆ ಇರೋದು ಮಿಲ್ ಕ್ರೀಕ್‌ನಲ್ಲಿ. ಲಿನ್‌ವುಡ್‌ವರೆಗೆ ಟ್ರೈನು, ಅಲ್ಲಿಂದ ಬಸ್ಸು, ಒಂದು ಗಂಟೆ ಸಾಕು. ದಿನಾ ಓಡಾಡೋದು ಕಷ್ಟ ಅಂತ ಅಪ್ಪ ಡಾರ್ಮ್ ಮಾಡಿಸಿದರು. ಅಪ್ಪ ಎವರೆಟ್‌ಗೆ ದಿನಾ ಕಾರಲ್ಲಿ ಓಡಾಡ್ತಾರೆ, ವಿಮಾನದ ಫ್ಯಾಕ್ಟರಿಗೆ. ಅದು ಕಷ್ಟ ಅಲ್ಲ.

ಎರಡು ವಾರಕ್ಕೊಂದು ಸಲ ಹೋಗ್ತೀನಿ. ನನ್ನ ರೂಮಿಗೆ ಅವರೆಲ್ಲ ಗೆಸ್ಟ್ ರೂಮ್ ಅಂತಾನೇ ಅನ್ನೋದು. ಹೋದ ಸಲ ಶರ್ವಾಣಿ, ನನ್ನ ತಂಗಿ, ನನ್ನ ಹಾಸ್ಟೆಲ್‌ಗೆ ಬಿಟ್ಟು ಇವರೆಲ್ಲ ಅಮೆರಿಕಾಗೆ ಹೊರಟಾಗ ನೀವು ನೋಡಿದ್ದು, ಆಗ ಎರಡು ವರ್ಷ, ಈಗ ಹನ್ನೊಂದು, ನನ್ನ ಎದುರಿಗೇ ಇಂಗ್ಲಿಷ್‌ನಲ್ಲಿ ಕೇಳಿದಳು, "ಅಮ್ಮ, ಅವಳು ಡಿನ್ನರ್‌ಗೆ ಇರ್ತಾಳಾ?" ಅಮ್ಮ ಸಿಟ್ಟಾಗಿ, "ಅವಳು ಅನ್ನಬೇಡ, ಅಕ್ಕ ಅನ್ನು" ಅಂದರು. "ಓಕೆ. ಅಕ್ಕ ಡಿನ್ನರ್‌ಗೆ ಇರ್ತಾಳಾ?"

ನಗು ಬಂತು, ನಿಜ. ಆಮೇಲೆ ಅಮ್ಮ ಬಡಿಸ್ತಾ, "ಸಂಕೋಚ ಮಾಡ್ಕೋಬೇಡ, ಹಾಕಿಸ್ಕೋ" ಅಂದರು. ಸಿಸ್ಟರ್, ಯಾವ ಅಮ್ಮ ಮಗಳಿಗೆ ಸಂಕೋಚ ಮಾಡ್ಕೋಬೇಡ ಅಂತಾರೆ? ಅವರು ಕೆಟ್ಟೋರಲ್ಲ. ನಾನು ಬರ್ತೀನಿ ಅಂದರೆ ಸೋಫಾ ಮೇಲಿನ ಬಟ್ಟೆ ಎಲ್ಲಾ ಎತ್ತಿಡ್ತಾರೆ. ಅದೇ. ಎತ್ತಿಡ್ತಾರೆ.

ಅದಾದ ಶುಕ್ರವಾರದ ಪಾಠ ಏನು ಗೊತ್ತಾ? ಅವನು ತನ್ನ ಮನೆಗೇ ಬಂದ, ಮನೆಯವರೇ ಗುರುತು ಹಿಡೀಲಿಲ್ಲ ಅನ್ನೋ ಭಾಗ. ಎಸ್ತರ್ ಓದ್ತಿದ್ದಳು, ನನಗೆ ಅಳು ತಡೆಯೋಕೆ ಆಗಲಿಲ್ಲ, ಮೂಗೆಲ್ಲ ಸೋರಿ ಅಸಹ್ಯ ಆಯ್ತು. ಅವನಿಗೋಸ್ಕರ ಅಳ್ತಿದೀನಿ ಅಂದ್ಕೊಂಡರು ಎಲ್ಲಾ. ಅಲ್ಲ ಸಿಸ್ಟರ್, ನನಗೋಸ್ಕರ. ಆದರೆ ಸ್ವಲ್ಪ ಹೊತ್ತಾದ ಮೇಲೆ ನನಗೇ ಗೊತ್ತಾಗಲಿಲ್ಲ ಯಾರಿಗೋಸ್ಕರ ಅಂತ. ಅವನಿಗೂ ಹೀಗೇ ಆಗಿತ್ತಾ, ತನ್ನ ಊರಲ್ಲೇ ಗೆಸ್ಟ್ ಥರ ಕೂತಿದ್ದನಾ ಅನ್ನಿಸಿ, ಮೊದಲನೇ ಸಲ ಅವನು ಕ್ಯಾಲೆಂಡರ್ ಚಿತ್ರದಿಂದ ಇಳಿದು ಪಕ್ಕದ ಚೇರಲ್ಲಿ ಕೂತ ಹಾಗಾಯ್ತು. ಇದು ನಂಬಿಕೆನಾ? ಅಥವಾ ಬರೀ ಮನೆ ನೆನಪಾ? ನನಗೆ ಎರಡಕ್ಕೂ ಡಿಫರೆನ್ಸ್ ಗೊತ್ತಾಗ್ತಿಲ್ಲ.

ಒಪ್ಪಿಕೊಂಡೋರನ್ನೆಲ್ಲ ಅವನು ಮಕ್ಕಳು ಅಂತಾನಂತೆ. ಗೆಸ್ಟ್ ಅಲ್ಲ, ಮಕ್ಕಳು. ಎಸ್ತರ್ ನನ್ನ ಹೆಸರು ಬರೆಸಿಬಿಟ್ಟಿದ್ದಾಳೆ. ಏಪ್ರಿಲ್ 20, ಈಸ್ಟರ್ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ, ಲೇಕ್ ವಾಷಿಂಗ್ಟನ್‌ನಲ್ಲಿ ಜ್ಞಾನಸ್ನಾನ, ಬ್ಯಾಪ್ಟಿಸಮ್. ನಿಮ್ಮ ಥರ ಹಣೆಗೆ ನೀರು ಹಾಕೋದಲ್ಲ, ಪೂರ್ತಿ ಮುಳುಗಿಸ್ತಾರೆ. ಬೇಡ ಅನ್ನೋಕೆ ನನಗೆ ಬರ್ತಿಲ್ಲ. ಬೇಕು ಅನ್ನೋಕೂ ಬರ್ತಿಲ್ಲ. ಮನೆಯಲ್ಲಿ ಹೇಳಿಲ್ಲ. ನಾನು ನೀರಿಗೆ ಇಳೀಲಾ ಸಿಸ್ಟರ್? ನೀವು ಹ್ಞೂಂ ಅಂದರೆ ಇಳೀತೀನಿ. ನೀವು ಹೇಳಿದ್ದನ್ನ ಯಾವತ್ತು ಮಾಡಿಲ್ಲ ನಾನು?

ಇನ್ನೊಂದು. ಏಳನೇ ಕ್ಲಾಸಲ್ಲಿ, 2019 ಮಾರ್ಚ್, ಅಮ್ಮ ಇಂಡಿಯಾಗೆ ಬಂದಿದ್ದರು. ನನ್ನ ನೋಡೋಕೆ ಬರ್ತೀನಿ ಅಂದಿದ್ದರು, ಬರಲಿಲ್ಲ. ಅಲ್ಲಿಂದಾಚೆ ಫೋನಲ್ಲೂ ಮಾತು ಕಮ್ಮಿ ಆಯ್ತು. ಯಾಕೆ ಅಂತ ನಾನು ಕೇಳಿಲ್ಲ, ಅವರು ಹೇಳಿಲ್ಲ. ನಿಮಗೇನಾದ್ರೂ ಗೊತ್ತಿತ್ತಾ?

ಮೈತ್ರಿ


ಕಾನ್ವೆಂಟ್ ಹಾಸ್ಟೆಲ್
20 ಮಾರ್ಚ್ 2025

ಮೈತ್ರಿಗೆ,

ನಿನ್ನ 2ನೇ ತಾರೀಖಿನ ಪತ್ರ ತಲುಪಿದೆ. ನೀನು ಹಿಂದೂ ಮನೆತನದ ಹುಡುಗಿ. ನಮ್ಮ ಹಾಸ್ಟೆಲ್‌ನಲ್ಲಿ ಯಾವ ಮಗುವಿಗೂ ಯಾವತ್ತೂ ಧರ್ಮ ಬದಲಾಯಿಸುವಂತೆ ಹೇಳಿಲ್ಲ, ನಿನಗೂ ಹೇಳಿಲ್ಲ. ಅಲ್ಲಿ ನೀನು ಮಾಡುವುದಕ್ಕೂ ಇಲ್ಲಿಗೂ ಸಂಬಂಧವಿಲ್ಲ. ತಂದೆ ತಾಯಿಗೆ ತಿಳಿಸದೆ ಏನನ್ನೂ ಮಾಡಬೇಡ. ಈ ವಿಷಯವಾಗಿ ಇನ್ನು ನನಗೆ ಬರೆಯುವುದು ಬೇಡ. ಓದಿನ ಕಡೆ ಗಮನ ಕೊಡು.

ಸಿಸ್ಟರ್ ಲೂರ್ದು ಮೇರಿ
ವಾರ್ಡನ್


ಕೊಳ್ಳೇಗಾಲ ರಸ್ತೆ
3 ಏಪ್ರಿಲ್ 2025

ಪ್ರೀತಿಯ ಮೈತ್ರಿ,

ಹಿಂದಿನ ಪತ್ರ ನಿನಗೆ ತಲುಪಿದೆಯೋ ಇಲ್ಲವೋ. ತಲುಪುವ ಮೊದಲು ಇದು ತಲುಪಲಿ ಎಂದು ನಾನೇ ಬಸ್ಸಿನಲ್ಲಿ ಹೋಗಿ ಹೆಡ್ ಪೋಸ್ಟ್ ಆಫೀಸಿನಲ್ಲಿ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ.

ನಿನ್ನ ಪತ್ರ ಬಂದ ವಾರ ಕೆಲವರು ಗೇಟಿನ ಹತ್ತಿರ ಬಂದು, ಹಿಂದೂ ಮಕ್ಕಳಿಂದ ಪ್ರಾರ್ಥನೆ ಮಾಡಿಸುತ್ತೀರಂತೆ, ನಾಟಕ ಆಡಿಸುತ್ತೀರಂತೆ ಎಂದು ಗದ್ದಲ ಮಾಡಿದರು. ಈ ವರ್ಷ ನಾಟಕ ನಿಲ್ಲಿಸಿದ್ದೇವೆ. ಬಂದ ಪತ್ರ, ಹೋಗುವ ಪತ್ರ ಎಲ್ಲವನ್ನೂ ಮದರ್ ನೋಡುತ್ತಿದ್ದರು. ಆ ಪತ್ರ ಬರೆದದ್ದು ಅವರ ಮೇಜಿನಲ್ಲಿ ಕುಳಿತು. ಅದು ಕಾರಣ, ಆದರೆ ಪೂರ್ತಿ ಕಾರಣವಲ್ಲ. ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಕೊಡದಿರಲು ದಾರಿ ಹುಡುಕುತ್ತಿದ್ದೆ. ಗೇಟಿನವರು ಒಂದು ನೆಪ ಕೊಟ್ಟರು, ನಾನು ಹಿಡಿದುಕೊಂಡೆ. ಗುರುವನ್ನು ಹಿಡಿದೊಯ್ದ ರಾತ್ರಿ ಬೆಂಕಿ ಕಾಯಿಸಿಕೊಳ್ಳುತ್ತ "ಅವನನ್ನು ನಾನರಿಯೆ" ಎಂದ ಶಿಷ್ಯ ಪೇತ್ರನ ಕಥೆಯನ್ನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವಳು ನಾನು.

ನಿನ್ನ ತಾಯಿ ಬಂದಿದ್ದರು, ಮೈತ್ರಿ. 2019ರ ಮಾರ್ಚ್, ಗುರುವಾರ ಮಧ್ಯಾಹ್ನ. ನೋಡಿ ಹೋಗಲು ಅಲ್ಲ, ಕರೆದುಕೊಂಡು ಹೋಗಲು. ವೀಸಾಕ್ಕೆ ಚೆನ್ನೈಗೆ ಹೋಗಬೇಕಿತ್ತು, ಕಾಗದಗಳೆಲ್ಲ ಕೆಂಪು ಫೈಲಿನಲ್ಲಿದ್ದವು. ತೋಳಿನ ಮೇಲೆ ನಿನಗೆಂದು ತಂದ ಒಂದು ದಪ್ಪ ಜಾಕೆಟ್ ಇತ್ತು.

ಹಿಂದಿನ ದಿನ ರಿಹರ್ಸಲ್ ನಡುವೆ ನಿನ್ನನ್ನು ಕೇಳಿದ್ದೆ, "ಅಮ್ಮ ಬಂದು ಕರೆದರೆ ಅಮೆರಿಕಾಕ್ಕೆ ಹೋಗುತ್ತೀಯಾ?" ಎಂದು. "ಈಗಲಾ? ಹಾಗಾದರೆ ಗುಂಪನ್ನ ಯಾರು ನೋಡ್ಕೋತಾರೆ ಸಿಸ್ಟರ್?" ಎಂದೆ ನೀನು, ಓಡಿಹೋದೆ. ನಿನಗೆ ಹನ್ನೆರಡು ವರ್ಷ. ಅದನ್ನು ನಾನು ನಿನ್ನ ತಾಯಿಗೆ, "ಮಗು ಬರಲು ಒಪ್ಪುತ್ತಿಲ್ಲ" ಎಂದು ಹೇಳಿದೆ. ಒಮ್ಮೆ ನೋಡುತ್ತೇನೆ ಎಂದರು. "ನೋಡಿದರೆ ಇಬ್ಬರಿಗೂ ಕಷ್ಟ, ಹತ್ತನೇ ತರಗತಿ ಮುಗಿಯಲಿ" ಎಂದೆ. ಅವರು ಪಾರ್ಲರಿನಲ್ಲಿ ಅರ್ಧ ಗಂಟೆ ಕುಳಿತಿದ್ದರು. ಹಾಲಿನಿಂದ ನಿಮ್ಮ ಗಲಾಟೆ, ನಗು ಕೇಳುತ್ತಿತ್ತು. "ಇದರಲ್ಲಿ ಅವಳ ದನಿ ಯಾವುದು ಸಿಸ್ಟರ್, ನನಗೆ ತಿಳೀತಾ ಇಲ್ಲ" ಎಂದರು. ನಾನು ಹೇಳಲಿಲ್ಲ. ಎದ್ದು ಹೋದರು. ಜಾಕೆಟ್ಟನ್ನೂ ತೆಗೆದುಕೊಂಡು ಹೋದರು.

ನಿನ್ನ ಓದಿನ ಹಿತಕ್ಕಾಗಿ ಹಾಗೆ ಮಾಡಿದೆ ಎಂದು ಪಾಪನಿವೇದನೆಯಲ್ಲಿ ಗುರುಗಳಿಗೆ ಹೇಳಿದ್ದೇನೆ. ಅದು ಅರ್ಧ ಸತ್ಯ. ನೀನು ಇಲ್ಲಿಂದ ಹೋಗುವುದು ನನಗೆ ಬೇಡವಾಗಿತ್ತು. ಉಳಿದರ್ಧ ಅಷ್ಟೇ.

ನೀರಿಗೆ ಇಳಿಯಲೇ ಎಂದು ಕೇಳಿದ್ದೀಯ. ನೀನು ಅವನನ್ನು ಒಪ್ಪಿಕೊಂಡರೆ ನನಗೆ ಸಂತೋಷವಾಗುವುದಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಆದರೆ ನಾನು ಹ್ಞೂಂ ಅನ್ನಲಾರೆ, ಉಹ್ಞೂಂ ಅನ್ನಲಾರೆ. ನಿನ್ನ ಪರವಾಗಿ ನಾನು ಒಮ್ಮೆ ಉತ್ತರ ಕೊಟ್ಟದ್ದು ಸಾಕು. ಇಷ್ಟು ಮಾತ್ರ: ತಾಯಿಯ ಮೇಲಿನ ಸಿಟ್ಟಿನಲ್ಲಿ ಅವನ ಬಳಿಗೆ ಹೋಗಬೇಡ. ಶಿಲುಬೆಯ ಮೇಲಿಂದಲೂ ಅವನು ತನ್ನ ತಾಯಿಯನ್ನು ಒಬ್ಬ ಶಿಷ್ಯನ ಕೈಗೆ ಒಪ್ಪಿಸಿಯೇ ಹೋದ.

ಈ ಪತ್ರವನ್ನು ಅವರಿಗೆ ತೋರಿಸುವುದು ಬಿಡುವುದು ನಿನಗೆ ಬಿಟ್ಟದ್ದು.

ಲೂರ್ದು ಮೇರಿ


ಸಿಯಾಟಲ್
8 ಏಪ್ರಿಲ್ 2025

ವಾರ್ಡನ್ ಅವರಿಗೆ,

ಮಾರ್ಚ್ 20ರ ನಿಮ್ಮ ಪತ್ರ ಇವತ್ತು ಬಂತು. ಆರೇಳು ಲೈನು. ಕೆಳಗೆ "ವಾರ್ಡನ್" ಅಂತ ಬೇರೆ. ನನ್ನ ಜೊತೆ ನೀವು ಯಾವತ್ತು ವಾರ್ಡನ್ ಆಗಿದ್ರಿ? ನನಗೆ ಜ್ವರ ಬಂದಾಗ ಗಂಜಿ ಕುಡಿಸಿದ್ದು ವಾರ್ಡನ್ನಾ?

ಬರೀಬೇಡ ಅಂದಿದೀರಿ. ಇದೇ ಲಾಸ್ಟ್.

ಹೋದ ವಾರ ಯುಗಾದಿಗೆ ಮನೆಗೆ ಹೋಗಿದ್ದೆ. ಹೇಳೋಣ ಅಂತಾನೇ ಹೋಗಿದ್ದು. ಅಮ್ಮ ಬೇವು ಬೆಲ್ಲ ಕೊಟ್ಟರು, ಶರ್ವಾಣಿ ಬೇವು ಉಗಿದಳು, ಅಪ್ಪ ಪಂಚಾಂಗನ ಫೋನಲ್ಲಿ ಓದಿದರು. ನಾನು ಬಾಯಿ ಬಿಡೋಕೆ ಮೂರು ಸಲ ಟ್ರೈ ಮಾಡಿದೆ. ಮೂರನೇ ಸಲ ಅಮ್ಮ, "ಏನಾದ್ರೂ ಬೇಕಿತ್ತಾ?" ಅಂದರು. ಏನೂ ಬೇಡ ಅಂದೆ. ಅಲ್ಲಿ ನನ್ನ ಯಾರೂ ಓಡಿಸಲ್ಲ, ಬಾ ಅಂತಾನೂ ಅನ್ನಲ್ಲ. ನನ್ನ ಕಡೆಯೋರು ಅಂತ ಇನ್ನೊಬ್ಬರು ಇದ್ದಾರೆ ಅಂದ್ಕೊಂಡಿದ್ದೆ, ಅವರು ಈಗ "ಸಂಬಂಧವಿಲ್ಲ" ಅಂತ ಬರೆದಿದ್ದಾರೆ.

ಒಂದು ತಮಾಷೆ ನೋಡಿ. ಹಿಂದೂ ಮನೆ ಹುಡುಗಿ, ಕ್ರಿಸ್ತನ ಹತ್ತಿರ ಹೋಗ್ಲಾ ಅಂತ ಕನ್ಯಾಸ್ತ್ರೀನ ಕೇಳ್ತಾಳೆ, ಅವರು ಗೇಟ್ ಹಾಕ್ತಾರೆ.

20ನೇ ತಾರೀಖು ನಾನು ನೀರಿಗೆ ಇಳೀತಿದೀನಿ. ಮನಸ್ಸಿಗೆ ಅರ್ಥ ಆಗಿದೆ ಅಂತಲ್ಲ. ಬಾ ಅಂದೋರು ಎಸ್ತರ್ ಕಡೆಯೋರು ಮಾತ್ರ, ಅದಕ್ಕೆ. ಅಷ್ಟು ಸಾಕಲ್ವಾ? ಸಾಕಾ? ಗೊತ್ತಿಲ್ಲ. ನಿಮ್ಮನ್ನ ಕೇಳಬಾರದಲ್ಲ.

ಮೈತ್ರಿ


ಮಿಲ್ ಕ್ರೀಕ್
27 ಏಪ್ರಿಲ್ 2025, ಭಾನುವಾರ

ಸಿಸ್ಟರ್,

8ನೇ ತಾರೀಖಿನದು ನಿಮಗೆ ಸಿಕ್ಕಿರುತ್ತೆ. ನಿಮ್ಮ ಸ್ಪೀಡ್ ಪೋಸ್ಟ್ ನನಗೆ ಸಿಕ್ಕಿದ್ದು 19ನೇ ತಾರೀಖು, ಶನಿವಾರ ಮಧ್ಯಾಹ್ನ. ಡಾರ್ಮ್ ಮೆಟ್ಟಿಲ ಮೇಲೆ ಕೂತು ಓದಿದೆ. ಎಷ್ಟು ಸಲ ಅಂತ ಗೊತ್ತಿಲ್ಲ. ಒಂದು ಸಲ ನಿಮ್ಮ ಮೇಲೆ ಸಿಟ್ಟು, ಒಂದು ಸಲ ಅಮ್ಮನ ಮೇಲೆ, ಒಂದು ಸಲ "ಗುಂಪನ್ನ ಯಾರು ನೋಡ್ಕೋತಾರೆ" ಅಂದ ಆ ಪೆದ್ದಿ ಮೇಲೆ. ಅದು ನಿಜವಾಗ್ಲೂ ನನಗೆ ನೆನಪಿಲ್ಲ ಸಿಸ್ಟರ್. ಎಷ್ಟು ಯೋಚನೆ ಮಾಡಿದರೂ ನೆನಪಾಗ್ತಿಲ್ಲ. ಬೇಡ ಅಂದೋಳಿಗೆ ತಾನು ಏನನ್ನ ಬೇಡ ಅಂದೆ ಅಂತಾನೇ ಗೊತ್ತಿಲ್ಲ ಅಂದರೆ ಅದು ಯಾವ ಥರ ಬೇಡ?

ಭಾನುವಾರ ಬೆಳಗ್ಗೆ ಲೇಕ್ ಹತ್ತಿರ ಹೋದೆ. ನಾನೂ ಸೇರಿ ಒಂಬತ್ತು ಜನ ಲೈನಲ್ಲಿ, ಎಲ್ಲರಿಗೂ ಒಂದೇ ಬೂದು ಟೀಶರ್ಟು. ನನ್ನದು ಎಸ್ತರ್ ಕೈಲಿತ್ತು. ಅವಳ ಅಜ್ಜಿ ಬೇರೆ ಬಂದಿದ್ದರು, ಫೆಡರಲ್ ವೇ ಅನ್ನೋ ಊರಿಂದ, ವೀಲ್‌ಚೇರ್‌ನಲ್ಲಿ. ಮೂರು ತಿಂಗಳಿಂದ ದಿನಾ ನನ್ನ ಹೆಸರು ಹೇಳಿ ಪ್ರಾರ್ಥನೆ ಮಾಡ್ತಿದ್ದರಂತೆ. ಹೆಸರು ಬಾಯಿಗೆ ಸರಿಯಾಗಿ ಬರದೆ "ಮೈತಿ, ಮೈತಿ" ಅಂತ ಕೈ ಹಿಡ್ಕೊಂಡರು. ಆಗ ಟೀಶರ್ಟ್ ಹಾಕ್ಕೊಂಡುಬಿಡೋಣ ಅನ್ನಿಸಿತು. ನಿಜ ಹೇಳ್ತೀನಿ, ಒಂದು ತೋಳು ಹಾಕ್ಕೊಂಡಿದ್ದೆ.

ಆಮೇಲೆ ಎಸ್ತರ್‌ನ ಪಕ್ಕಕ್ಕೆ ಕರೆದು ಎಲ್ಲಾ ಹೇಳಿದೆ. ಹಾಜರಿ ಕಥೆ. ನನಗೋಸ್ಕರ ಅತ್ತಿದ್ದು. ನನ್ನ ಹೌದು ಇನ್ನೂ ನನ್ನದಾಗಿಲ್ಲ, ಅದರಲ್ಲಿ ಅರ್ಧ ಅಭ್ಯಾಸ, ಅರ್ಧ ಸಿಟ್ಟು ಅಂದೆ. ಅವಳು ಸಮಾಧಾನ ಮಾಡ್ತಾಳೆ ಅಂದ್ಕೊಂಡಿದ್ದೆ. ಮಾಡಲಿಲ್ಲ. ಮುಖ ಕೆಂಪಾಯ್ತು.

"ಮೂರು ತಿಂಗಳು ನನಗೆ ಸುಳ್ಳು ಹೇಳಿದೆ."

"ಹೌದು."

"ನೀನು ಬೇಡ ಅಂತಿರೋದು ಯಾರಿಗೆ ಅಂತ ಗೊತ್ತಾ ನಿನಗೆ?"

"ಇಲ್ಲ" ಅಂದೆ. "ಅದು ಗೊತ್ತಿಲ್ಲದೆ ಇನ್ನೊಂದು ಸಲ ಬೇಡ ಅನ್ನಬಾರದು, ಬೇಕು ಅಂತಾನೂ ಅನ್ನಬಾರದು ಅಂತ ಬಂದೆ."

ಅವಳು ನನ್ನ ಟೀಶರ್ಟ್ ಇಸ್ಕೊಂಡು ಮಡಚ್ತಾ ಇದ್ದಳು. ಮಡಚಿ, ಬಿಡಿಸಿ, ಮತ್ತೆ ಮಡಚಿದಳು. ನಾನು ಅಲ್ಲೇ ನಿಂತು ಉಳಿದ ಎಂಟು ಜನ ಇಳಿಯೋದನ್ನ ನೋಡಿದೆ. ನೀರು ಎಷ್ಟು ತಣ್ಣಗಿತ್ತು ಅಂದರೆ ಮೇಲೆ ಬಂದೋರು ಆಮೆನ್ ಅನ್ನೋ ಬದಲು ಕಿರುಚ್ತಿದ್ದರು. ಆದರೂ ಅವರ ಮುಖ ನೋಡಿ ಹೊಟ್ಟೆಕಿಚ್ಚಾಯ್ತು ಸಿಸ್ಟರ್. ಅವರಿಗೆ ಗೊತ್ತಿತ್ತು, ಏನೋ.

ಅಲ್ಲಿಂದ ಮನೆಗೆ. ಅಮ್ಮ ಅಡುಗೆಮನೆಯಲ್ಲಿ ದೋಸೆ ಹಿಟ್ಟಿಗೆ ಉಪ್ಪು ಹಾಕ್ತಿದ್ದರು. "ಫೋನ್ ಮಾಡ್ದೇ ಬಂದ್ಬಿಟ್ಯಾ?" ಅಂದರು. ಚಪ್ಪಲಿನೂ ಬಿಡದೆ ಕೇಳಿದೆ, "ಏಳನೇ ಕ್ಲಾಸಲ್ಲಿ ನನ್ನ ಕರ್ಕೊಂಡು ಹೋಗೋಕೆ ಬಂದಿದ್ರಾ?"

ಅಮ್ಮ ಸೌಟು ಆಡಿಸ್ತಾನೇ ಇದ್ದರು. ಆಮೇಲೆ, "ನೀನು ಬರಲ್ಲ ಅಂದ್ಯಂತೆ" ಅಂದರು.

ನಿಮ್ಮ ಪತ್ರ ಕೊಟ್ಟೆ. ಕೊಡಬಾರದಿತ್ತಾ? ಅಮ್ಮ ನಿಂತ್ಕೊಂಡೇ ಓದಿದರು. ಓದಿ, ನನ್ನ ನೋಡದೆ, "ಆರು ವರ್ಷ ನಿನ್ನ ಹತ್ತಿರ ಹೇಗೆ ಮಾತಾಡಬೇಕು ಅಂತಾನೇ ನನಗೆ ಗೊತ್ತಾಗ್ತಿರಲಿಲ್ಲ ಕಣೇ. ಬೇಡ ಅಂದ ಮಗು. ಜಾಸ್ತಿ ಮುದ್ದು ಮಾಡಿದರೆ ಓಡಿಹೋಗ್ತಾಳೇನೋ ಅಂತ" ಅಂದರು. ಶರ್ವಾಣಿ ಬಾಗಿಲಲ್ಲಿ ನಿಂತು, "ವೈ ಆರ್ ಯು ಬೋತ್ ಕ್ರೈಯಿಂಗ್" ಅಂದಳು. "ಈರುಳ್ಳಿ" ಅಂದರು ಅಮ್ಮ. ಅಲ್ಲಿ ಈರುಳ್ಳಿನೇ ಇರಲಿಲ್ಲ.

ಜ್ಞಾನಸ್ನಾನದ ವಿಷಯನೂ ಹೇಳಿದೆ. ಅದಕ್ಕೆ ಮಾತ್ರ ಜಗಳ ಆಯ್ತು, ಅಪ್ಪನೂ ಸೇರ್ಕೊಂಡರು, ಒಂದು ವಾರ ಆಗಿದೆ ಇನ್ನೂ ಮುಗಿದಿಲ್ಲ. ಇಲ್ಲಿ ಬಂದು ಜಗಳ ಆಡಿದ್ದು ಇದೇ ಮೊದಲು.

ನಿಮ್ಮನ್ನ ಕ್ಷಮಿಸಿದೀನಾ ಅಂತ ನನಗೆ ಗೊತ್ತಿಲ್ಲ. ಅವನನ್ನ ಒಪ್ಪಿಕೊಂಡಿದೀನಾ ಬಿಟ್ಟಿದೀನಾ ಅದೂ ಗೊತ್ತಿಲ್ಲ. ಎಸ್ತರ್ ಮಾತು ಬಿಟ್ಟಿದ್ದಾಳೆ, ಆದರೂ ಈ ಶುಕ್ರವಾರ ಹೋಗಿ ಹಿಂದಿನ ಚೇರಲ್ಲಿ ಕೂತಿದ್ದೆ, ಯಾರೂ ಎದ್ದು ಹೋಗು ಅನ್ನಲಿಲ್ಲ. ಅಮ್ಮ ಕೆಳಗೆ ಏನೋ ಬರೀಬೇಕಂತೆ. ಜಾಗ ಬಿಡ್ತಿದೀನಿ.

ಮೈತ್ರಿ

ಸಿಸ್ಟರ್, ನಾನು ರುಕ್ಮಿಣಿ, ಮೈತ್ರಿ ತಾಯಿ.

ನಿಮ್ಮ ಪತ್ರ ಓದಿ ನಿಮ್ಮ ಮೇಲೆ ತುಂಬಾ ಸಿಟ್ಟು ಬಂತು. ನಾಲ್ಕು ದಿನ ಇತ್ತು. ಆ ನಾಲ್ಕು ದಿನ ನನಗೆ ಚೆನ್ನಾಗಿ ನಿದ್ದೆ ಬಂತು, ಅದೇ ನನಗೆ ನನ್ನ ಮೇಲೇ ಅನುಮಾನ ಹುಟ್ಟಿಸಿತು.

ಆವತ್ತು ಪಾರ್ಲರಿಂದ ಆ ಹಾಲಿಗೆ ಇಪ್ಪತ್ತು ಹೆಜ್ಜೆ ಇರಲಿಲ್ಲ. ಬಾಗಿಲು ತೆಗೆದೇ ಇತ್ತು. ನೀವು ನನ್ನ ಕೈ ಹಿಡಿದು ಕೂರಿಸಿರಲಿಲ್ಲ. ಶರ್ವಾಣಿಗೆ ಆಗ ಐದು ವರ್ಷ, ನನಗೆ ಹೊಸ ಕೆಲಸ, ದೊಡ್ಡವಳನ್ನೂ ಕರೆದುಕೊಂಡು ಬಂದು ಹೇಗೆ ನಿಭಾಯಿಸೋದು ಅಂತ ವಿಮಾನದಲ್ಲಿ ಪೂರ್ತಿ ಹೆದರಿಕೊಂಡೇ ಬಂದಿದ್ದೆ. ಅವಳು ಬರಲ್ಲ ಅಂತಿದಾಳೆ ಅಂತ ನೀವು ಹೇಳಿದಾಗ ಅಳು ಬಂತು. ಅದರ ಜೊತೆಗೇ, ಸಿಸ್ಟರ್, ಎದೆ ಮೇಲಿಂದ ಏನೋ ಇಳಿದ ಹಾಗೂ ಆಯ್ತು. ಅದಕ್ಕೇ ನಾನು ಎದ್ದು ಹಾಲಿಗೆ ಹೋಗಲಿಲ್ಲ.

ಇದನ್ನ ಅವಳಿಗೆ ಬಾಯಲ್ಲಿ ಹೇಳೋಕೆ ಆಗಲಿಲ್ಲ. ಈ ಹಾಳೆ ಅವಳ ಕೈಗೇ ಕೊಡ್ತಿದೀನಿ, ಅವಳೇ ಮಡಚಿ ಕವರಿಗೆ ಹಾಕಬೇಕು. ಓದದೇ ಇರಲ್ಲ. ಓದಿ ಏನಂತಾಳೋ ಗೊತ್ತಿಲ್ಲ. ಪಕ್ಕದ ರೂಮಲ್ಲಿ ಕೂತಿದೀನಿ.